ಒಂದು ಕೋಣೆಗೆ ಎಷ್ಟು ಚಿತ್ತಾರ?

ಪ್ರಶ್ನೆ: ಬ್ಯಾಂಕ್ ಸಾಲ ಮಾಡಿ ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಿದ್ದೇವೆ. ಗೃಹಪ್ರವೇಶವಾಗಿ ತಿಂಗಳುಗಳಾದವು, ಹಾಲ್‌ನ ಕಿಟಕಿಗೆ ಇನ್ನೂ ಪರದೆ ಇಲ್ಲ. ಕಲಂಕಾರಿ ಕುಶನ್ ಕವರ್, ಇಕತ್ ದಿವಾನ್ ಸೆಟ್, ದೊಡ್ಡ ಹೂವಿನ ಕಾರ್ಪೆಟ್ ಎಲ್ಲ ತಂದೆ. ಬಿಡಿಬಿಡಿಯಾಗಿ ಚೆಂದವೇ, ಒಟ್ಟಿಗೆ ಹಾಸಿದರೆ ಸಂತೆಯಂತೆ ಕಾಣುತ್ತದೆ. ಎಲ್ಲವನ್ನೂ ತಿಳಿ ಕಂದು ಮಾಡಿಬಿಡಿ ಎನ್ನುತ್ತಾಳೆ ಬೆಂಗಳೂರಿನ ನಾದಿನಿ. ಅತ್ತೆಯವರ ಟ್ರಂಕಿನಲ್ಲಿ ಇಳಕಲ್ ಸೀರೆಗಳೂ ಖಣಗಳೂ ಇವೆ. ಅವುಗಳಿಂದ ಕುಶನ್ ಹೊಲಿಸೋಣವೇ ಎಂದು ಕೇಳಿದ್ದಕ್ಕೆ ಅವರ ಮುಖ ಬಾಡಿತು. ಖರ್ಚು ಮಾಡಿದ್ದೆಲ್ಲ ಎರಡು ವರ್ಷಕ್ಕೆ ಹಳೇ ಫ್ಯಾಶನ್ ಆದರೆ ಎಂಬ ಭಯ ಬೇರೆ. ರಾತ್ರಿ ಫೋನಿನಲ್ಲಿ ಮನೆಗಳ ಫೋಟೊ ನೋಡುತ್ತ ನಿದ್ದೆಗೆಡುತ್ತೇನೆ.
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಮೊದಲು ಆ ಫೋಟೊಗಳನ್ನು ನೋಡುವುದು ಬಿಡಿ. ಅಲ್ಲಿ ಯಾರೂ ಚಹಾ ಚೆಲ್ಲುವುದಿಲ್ಲ, ಮಕ್ಕಳು ಸೋಫಾ ಹತ್ತುವುದಿಲ್ಲ. ನಿಮ್ಮ ಅಭಿರುಚಿಯಲ್ಲಿ ದೋಷವಿಲ್ಲ, ನೀವು ತಂದ ಪ್ರತಿಯೊಂದೂ ಒಳ್ಳೆಯ ಆಯ್ಕೆ. ತೊಂದರೆ ಇರುವುದು ಅಳತೆಯಲ್ಲಿ. ಕಲಂಕಾರಿ, ಇಕತ್, ಕಾರ್ಪೆಟ್ ಮೂರರ ಚಿತ್ತಾರವೂ ಹೆಚ್ಚುಕಡಿಮೆ ಒಂದೇ ಗಾತ್ರದ್ದು, ಮೂರೂ ಒಟ್ಟಿಗೆ ಮಾತಾಡುತ್ತಿವೆ. ಒಂದು ಕೋಣೆಯಲ್ಲಿ ದೊಡ್ಡ ಚಿತ್ತಾರ ಒಂದೇ ಇರಲಿ. ಅದರ ಜೊತೆಗೆ ದೂರದಿಂದ ಬರೀ ಬಣ್ಣದಂತೆ ಕಾಣುವ ಸಣ್ಣ ಬುಟ್ಟಾ ಒಂದು, ಪಟ್ಟೆ ಅಥವಾ ಚೌಕಡಿ ಒಂದು ಇದ್ದರೆ ಸಾಕು, ಉಳಿದದ್ದು ಸಾದಾ ಇರಲಿ. ಮೂರಕ್ಕೂ ಒಂದು ಬಣ್ಣ ಸಮಾನವಾಗಿದ್ದರೆ ಜಗಳ ತಾನಾಗಿ ನಿಲ್ಲುತ್ತದೆ. ಕಾರ್ಪೆಟ್ ಹಾಲ್‌ನಲ್ಲಿ ಇರಲಿ, ಇಕತ್ ಮಲಗುವ ಕೋಣೆಗೆ ಹೋಗಲಿ. ಕಲಂಕಾರಿ ಕವರ್‌ಗಳಲ್ಲಿ ಕಾರ್ಪೆಟ್ಟಿನ ಬಣ್ಣಕ್ಕೆ ಹೊಂದುವ ಎರಡನ್ನು ಮಾತ್ರ ಹೊರಗಿಡಿ. ಒಂದು ಪೈಸೆ ಖರ್ಚಿಲ್ಲದೆ ಇವತ್ತೇ ಮಾಡಬಹುದಾದ ಕೆಲಸ ಇದು.

ಹಳೇ ಫ್ಯಾಶನ್ ಆಗುವ ಭಯದ ಬಗ್ಗೆ. ನಮ್ಮ ಪೂರ್ವ ಕರಾವಳಿಯಿಂದ ಹೋಗುತ್ತಿದ್ದ ಹೂಬಳ್ಳಿಯ ಅಚ್ಚಿನ ಹತ್ತಿಬಟ್ಟೆಗೆ ಯುರೋಪಿನ ಮನೆಗಳು ಎಷ್ಟು ಮರುಳಾಗಿದ್ದವೆಂದರೆ, ತನ್ನ ರೇಷ್ಮೆ ಮತ್ತು ಉಣ್ಣೆಯ ಕಸುಬುದಾರರು ಕೆಡುತ್ತಾರೆಂದು ಫ್ರಾನ್ಸ್ 1686ರಲ್ಲಿ ಅದನ್ನು ನಿಷೇಧಿಸಿತು. ಜನ ಕದ್ದುಮುಚ್ಚಿ ಕೊಳ್ಳುತ್ತಲೇ ಇದ್ದರು. ನಿಷೇಧ ತೆಗೆದದ್ದು 1759ರಲ್ಲಿ. ಎಪ್ಪತ್ತು ವರ್ಷದ ಕಾನೂನಿಗೇ ಬಗ್ಗದ ಆ ಹೂಬಳ್ಳಿ ನಿಮ್ಮ ನಾದಿನಿಯ ಒಂದು ಮಾತಿಗೆ ಹಳತಾಗುವುದಿಲ್ಲ. ಬಾಳಿಕೆಯ ಚಿತ್ತಾರಗಳು ಹೆಚ್ಚಾಗಿ ಮಾಡುವ ವಿಧಾನದಿಂದಲೇ ಹುಟ್ಟಿದವು. ಇಕತ್‌ನಲ್ಲಿ ನೇಯುವ ಮೊದಲೇ ನೂಲಿಗೆ ಬಣ್ಣ ಕಟ್ಟುವುದರಿಂದ ಅಂಚು ಮಸುಕಾಗಿ ಬರುತ್ತದೆ. ಕಸೂತಿಯಲ್ಲಿ ಗೆರೆ ಬರೆದುಕೊಳ್ಳದೆ ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಾರೆ, ಹೀಗಾಗಿ ಗೋಪುರ, ತೇರು, ತುಳಸಿಕಟ್ಟೆ ಎಲ್ಲವೂ ನೇರ ಗೆರೆ, ಮೆಟ್ಟಿಲು ಗೆರೆಗಳಲ್ಲೇ ಅರಳುತ್ತವೆ. ಆ ವರ್ಷದ ಬಣ್ಣದ ಮೇಲೆ ನಿಂತ ಡಿಜಿಟಲ್ ಪ್ರಿಂಟಿಗೆ ಇಂಥ ಬೇರು ಇಲ್ಲ. ಅಂಥದ್ದನ್ನು ಬೇಕಾದಾಗ ಬದಲಿಸಬಹುದಾದ ದಿಂಬಿನ ಕವರಿಗೆ ಮಾತ್ರ ಬಳಸಿ, ಗೋಡೆಗೆ ಅಂಟಿಸಬೇಡಿ.

ಇನ್ನು ಅತ್ತೆಯವರ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಇದೇ. ಗುಳೇದಗುಡ್ಡದ ಖಣ ನಿಮ್ಮ ಭಾಗದಲ್ಲಿ ಬರೀ ಕುಪ್ಪಸದ ಬಟ್ಟೆಯಲ್ಲ. ಉಡಿ ತುಂಬುವಾಗ ಅಕ್ಕಿ, ಕಾಯಿ, ಅರಿಷಿಣ-ಕುಂಕುಮದ ಜೊತೆಗೆ ಕೊಡುವ ಬಟ್ಟೆ ಅದು, ದೇವಿಗೂ ಏರಿಸುತ್ತಾರೆ. ಅವರ ಟ್ರಂಕಿನಲ್ಲಿರುವ ಒಂದೊಂದು ಖಣವೂ ತವರಿನದೋ, ಯಾವುದೋ ಮದುವೆಯದೋ, ಸೀಮಂತದ್ದೋ ಆಗಿರಬೇಕು. ಅದನ್ನು ಕುಶನ್ ಮಾಡಿದರೆ ಬಂದವರು ಅದಕ್ಕೆ ಬೆನ್ನು ಕೊಡುತ್ತಾರೆ, ಮಕ್ಕಳು ಕಾಲಡಿ ಹಾಕಿಕೊಳ್ಳುತ್ತಾರೆ. ಅವರ ಮುಖ ಬಾಡಿದ್ದು ಹಟದಿಂದಲ್ಲ.

ಬಿಡುವಾದ ಒಂದು ಮಧ್ಯಾಹ್ನ ಅವರ ಪಕ್ಕ ಕೂತು ‘ಅತ್ತಿ, ಇದು ಯಾರು ಕೊಟ್ಟದ್ರೀ?’ ಎಂದು ಒಂದೊಂದನ್ನೇ ಕೇಳಿ. ಕತ್ತರಿಯ ಮಾತು ಎತ್ತಬೇಡಿ. ಖಣವನ್ನು ಮೈಗೆ, ಕಾಲಿಗೆ ತಾಗದ ಎತ್ತರದಲ್ಲಿ ಇಡಬಹುದು: ಒಂದು ಇಡೀ ಖಣ ಗಾಜಿನ ಚೌಕಟ್ಟಿನಲ್ಲಿ ಗೋಡೆಗೆ, ಇನ್ನೊಂದು ದೇವರ ಮನೆಯ ಬಾಗಿಲಿಗೆ. ಇಳಕಲ್ ಸೀರೆಗಳಲ್ಲಿ ಗಟ್ಟಿ ಇರುವವು ಮಡಿಕೆಯಲ್ಲೇ ಇರಲಿ, ಇಂದಲ್ಲ ನಾಳೆ ನೀವೇ ಉಡುತ್ತೀರಿ. ಒಡಲು ಪಿಸಿದು ಹೋಗಿ ಸೆರಗು ಚೆನ್ನಾಗಿರುವುದು ಒಂದಿದ್ದರೆ, ಅವರೇ ಮನಸಾರೆ ತೆಗೆದುಕೊಟ್ಟರೆ, ಆ ಕೆಂಪು-ಬಿಳಿ ತೋಪು ತೆನೆ ಸೆರಗನ್ನು ತುಂಡು ಮಾಡದೆ ಉದ್ದಕ್ಕೆ ಗೋಡೆಗೆ ತೂಗುಹಾಕಿ. ಒಡಲಿನ ಎಳೆಗೂ ಸೆರಗಿನ ಎಳೆಗೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸುವುದು ಇಳಕಲ್ಲಿನ ವಿಶೇಷ. ಆ ಕೂಡುಗೆರೆ ಕಾಣುವಂತೆ ಒಂದು ಗೇಣು ಒಡಲನ್ನೂ ಉಳಿಸಿಕೊಳ್ಳಿ. ಕುಶನ್ ಬೇಕೇ ಬೇಕೆಂದರೆ ಇಳಕಲ್ ಚೌಕಡಿಯ ಹೊಸ ಬಟ್ಟೆ ಕೊಂಡು ಹೊಲಿಸಿ, ಅದಕ್ಕೆ ಯಾರ ನೆನಪೂ ಅಂಟಿರುವುದಿಲ್ಲ. ಮುಂದೆ ಕಾರ್ಪೆಟ್ ಬದಲಿಸುವ ಹೊತ್ತು ಬಂದರೆ ಪಕ್ಕದ ನವಲಗುಂದದ ಜಮಖಾನೆ ನೋಡಿ ಬನ್ನಿ. ಪಗಡೆ ಹಾಸಿನ ಚಿತ್ತಾರದ್ದನ್ನು ಅಲ್ಲಿನ ಹೆಣ್ಣುಮಕ್ಕಳು ಕೈಯಲ್ಲೇ ನೇಯುತ್ತಾರೆ.

ಕೊಳ್ಳುವಾಗ ಬಟ್ಟೆ ತಿರುವಿ ನೋಡುವುದು ಮರೆಯಬೇಡಿ. ಕಲಂಕಾರಿ ಎಂದು ಮಾರುವುದರಲ್ಲಿ ಬಹಳಷ್ಟು ಸ್ಕ್ರೀನ್ ಪ್ರಿಂಟ್. ಕೈಅಚ್ಚಿನದಾದರೆ ಅಚ್ಚು ಅಚ್ಚಿಗೆ ಸೇರುವಲ್ಲಿ ಅಲ್ಲಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ. ಇಕತ್ ಎಂದು ಕೊಟ್ಟ ಬಟ್ಟೆಯ ಹಿಂಬದಿ ಬೆಳ್ಳಗಿದ್ದರೆ ಅದು ಇಕತ್ ಅಲ್ಲ, ಬರೀ ಅಚ್ಚು. ಪ್ರಿಂಟ್ ಬಟ್ಟೆ ಕೊಳ್ಳಬಾರದೆಂದಲ್ಲ, ಕೈಮಗ್ಗದ ಬೆಲೆ ಕೊಟ್ಟು ಕೊಳ್ಳಬಾರದು.

ಕೊನೆಗೆ ಪರದೆ. ಕಾರ್ಪೆಟ್ಟಿನಲ್ಲಿ ದೊಡ್ಡ ಹೂವು ಇರುವುದರಿಂದ ನಿಮ್ಮ ಹಾಲ್‌ಗೆ ಸಾದಾ ಪರದೆಯೇ ಸರಿ, ಅಂಚಿಗೆ ಕಸೂತಿಯ ಸಾಲು ಹಾಕಿಸಿದರೆ ಇನ್ನೂ ಚೆಂದ. ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿ ಒಂದೇ ತರ ಕಾಣುವುದರಿಂದ ಬೀದಿಯಿಂದ ನೋಡಿದರೂ ಹಿಂಬದಿ ಎನಿಸುವುದಿಲ್ಲ. ಚಿತ್ತಾರದ ಪರದೆಯ ಆಸೆ ಇದ್ದರೆ ಮಲಗುವ ಕೋಣೆಗೆ ಹಾಕಿ, ಆದರೆ ಲೆಕ್ಕ ಮೊದಲೇ ಮಾಡಿ. ಆರಡಿ ಅಗಲದ ಕಿಟಕಿಗೆ ನೆರಿಗೆ ತುಂಬಿ ಬರಲು ದುಪ್ಪಟ್ಟು, ಅಂದರೆ 144 ಇಂಚು ಬೇಕು. 48 ಇಂಚು ಪನ್ನದ ಬಟ್ಟೆಯಲ್ಲಿ ಮೂರು ತುಂಡು. ಮಡಿಕೆ ಸೇರಿ ಒಂದೊಂದರ ಉದ್ದ 94 ಇಂಚು ಎಂದಿಟ್ಟುಕೊಳ್ಳಿ. ಚಿತ್ತಾರ 25 ಇಂಚಿಗೊಮ್ಮೆ ಮರಳಿ ಬರುವಂಥದ್ದಾದರೆ, ಹೂವಿಗೆ ಹೂವು ಕೂಡಲು ಪ್ರತಿ ತುಂಡನ್ನೂ 100 ಇಂಚಿಗೆ ಕತ್ತರಿಸಬೇಕಾಗುತ್ತದೆ. ಅಂಗಡಿಯವನ ಅಂದಾಜಿಗೆ ಬಿಡದೆ ಟೇಪು ಹಿಡಿದು ನೀವೇ ಅಳೆಯಿರಿ. ಪಡುವಣ ಕಿಟಕಿಯಾದರೆ ಒಳಗೆ ಅಸ್ತರು ಹಾಕಿಸಿ. ಧಾರವಾಡ ಸೀಮೆಯ ಏಪ್ರಿಲ್ ಬಿಸಿಲಿಗೆ ನೈಸರ್ಗಿಕ ಬಣ್ಣ ಬೇಗ ಮಾಸುತ್ತದೆ.