ಚೀಟಿಯಿಲ್ಲದ ಸೀಸೆ

ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿ ಕಪ್ಪೆಗಳನ್ನಿಟ್ಟ ಕೆಲವು ಹಳೆಯ ಸೀಸೆಗಳಿವೆ. ಅವು ಎಲ್ಲಿ ದೊರೆತವು, ಎಂದು ದೊರೆತವು ಎಂಬುದನ್ನು ತಿಳಿಸುವ ಚೀಟಿಗಳಿಲ್ಲ. ಮಲಪನಗುಡಿಯ ಗದ್ದೆಯವೋ ಸಂಡೂರಿನ ಗುಡ್ಡದವೋ ನಾವು ಹೇಳಲಾರೆವು.

ಈ ಸಂದರ್ಭದಲ್ಲಿ ಸಿ. ಆರ್. ನಾರಾಯಣರಾಯರನ್ನು (1882–1960) ಸ್ಮರಿಸುವುದು ಉಚಿತವಾಗಿದೆ. ಬಳ್ಳಾರಿಯಲ್ಲಿ ಶಾಲೆಯನ್ನೂ ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಉನ್ನತ ವ್ಯಾಸಂಗವನ್ನೂ ಮುಗಿಸಿದ ಇವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿದರು. 1937ರಲ್ಲಿ ದಕ್ಷಿಣ ಭಾರತದ ಅನೇಕ ಹೊಸ ಕಪ್ಪೆಗಳನ್ನು ವರ್ಣಿಸಿದರು.

ಹೊಸ ಪ್ರಾಣಿಗೆ ಹೆಸರಿಡುವವರು ಅದರ ಮಾದರಿಯೊಂದನ್ನು ಮದ್ಯಸಾರದಲ್ಲಿಟ್ಟು, ಸ್ಥಳವನ್ನೂ ದಿನವನ್ನೂ ಬರೆದಿಡಬೇಕು. ಮುಂದಿನವರು ತಮಗೆ ದೊರೆತುದನ್ನು ಅದರೊಡನೆ ಹೋಲಿಸಿ ನಿರ್ಣಯಿಸುವರು. ಅದನ್ನು ತಲೆಮಾರುಗಳವರೆಗೆ ಕಾಯುವುದೇ ಸಂಗ್ರಹಾಲಯದ ವಿಜ್ಞಾನಿಯ ಧರ್ಮ. ಆದರೆ ರಾಯರ 1937ರ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಅವರು ಹೆಸರಿಸಿದ ಕೆಲವು ಕಪ್ಪೆಗಳು ಯಾವುವೆಂಬುದೇ ಸಂದೇಹಕ್ಕೊಳಗಾಯಿತು. ಅವರು 1920ರಲ್ಲಿ ವರ್ಣಿಸಿದ ಕೊಡಗಿನ ಇರುಳುಗಪ್ಪೆಯೊಂದು ಮರಳಿ ದೊರೆತುದು 91 ವರ್ಷಗಳ ಅನಂತರ, 2011ರಲ್ಲಿ. ಅದಕ್ಕೆ ಹಿಂದಿನ ವರ್ಷವೇ ಪೊದೆಗಪ್ಪೆಗಳ ಒಂದು ಕುಲಕ್ಕೆ ‘ರಾವೋರ್ಕೆಸ್ಟಿಸ್’ ಎಂದು ರಾಯರ ಹೆಸರನ್ನು ಸೇರಿಸಿ ಗೌರವಿಸಿದ್ದರು.

ಕಂಡರೆ ಸಾಲದು, ಕಂಡುದನ್ನು ಬರೆದು ಜೋಪಾನವಾಗಿಡಬೇಕು. ತಾಯಿತಂದೆಗಳೇ, ಮಳೆಗಾಲದಲ್ಲಿ ಕಾಲುವೆಯ ದಡದಲ್ಲಿ ಕಪ್ಪೆಯನ್ನು ನೋಡುತ್ತ ನಿಂತ ಮಗಳನ್ನು ಗದರಿಸದಿರಿ. ಅವಳಿಗೊಂದು ನೋಟುಪುಸ್ತಕವನ್ನು ಕೊಡಿರಿ. ಹಳೆಯ ವಿದ್ಯಾರ್ಥಿನಿಯರೇ, ಆ ಸೀಸೆಗಳನ್ನು ತಂದವರು ನಿಮ್ಮಲ್ಲಿದ್ದರೆ ಬಂದು ತಿಳಿಸಿರಿ. ಚೀಟಿಗಳನ್ನು ಸಿದ್ಧಮಾಡಿಕೊಂಡು ಕಾದಿರುವೆವು.