ಶುಕ್ರವಾರ ಮನಸ್ಸಾದರೆ ಶನಿವಾರ ಸಾವನದುರ್ಗ

ಎರಡು ದಿನ ರಜೆ, ಜೊತೆಗೊಬ್ಬ ಸ್ನೇಹಿತ ಅಥವಾ ಸ್ನೇಹಿತೆ, ಮೊದಲೇ ಹಾಕಿಕೊಂಡ ಯೋಜನೆ ಏನೂ ಇಲ್ಲ. ಇಂಥ ಪ್ರವಾಸಕ್ಕೆ ಬೆಂಗಳೂರಿನ ಸುತ್ತಮುತ್ತ ಸಾವನದುರ್ಗಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಊರಿನಿಂದ ಸುಮಾರು 60 ಕಿಲೋಮೀಟರು. ಹತ್ತಲು ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಏಕಶಿಲಾ ಬೆಟ್ಟ, ಬುಡದಲ್ಲಿ ಹಳೆಯ ದೇವಸ್ಥಾನಗಳು, ಸುತ್ತ ಕಾಡು. ಮರುದಿನಕ್ಕೆ ರಾಮನಗರ, ಚನ್ನಪಟ್ಟಣ ಇದ್ದೇ ಇವೆ.

ಆದರೆ ಪಿಕ್ನಿಕ್ಕಿನ ಲೆಕ್ಕದಲ್ಲಿ ಹೋಗಿ ದಾರಿ ತಪ್ಪಿದವರು, ಕತ್ತಲಾದ ಮೇಲೆ ಬಂಡೆಯ ಮೇಲೆ ಸಿಕ್ಕಿಹಾಕಿಕೊಂಡವರು, ಜಾರಿ ಬಿದ್ದವರು ಈ ಬೆಟ್ಟದಲ್ಲಿ ಬಹಳ ಜನ. ಹೊರಡುವ ಮನಸ್ಸು ದಿಢೀರನೆ ಬರಲಿ, ಅದರಲ್ಲೇ ಸುಖವಿದೆ. ಬಂಡೆಯ ಮೇಲೆ ಮಾತ್ರ ದಿಢೀರ್ ನಿರ್ಧಾರಗಳು ಬೇಡ. ಅಲ್ಲಿ ಎದುರಾಗುವ ಪ್ರಶ್ನೆಗಳಿಗೆಲ್ಲ ಶುಕ್ರವಾರ ರಾತ್ರಿ ಮನೆಯಲ್ಲೇ ಕೂತು ಉತ್ತರ ಹುಡುಕಿಟ್ಟುಕೊಳ್ಳಬಹುದು. ಅದಕ್ಕೆ ಅರ್ಧ ಗಂಟೆ ಸಾಕು.

ಶುಕ್ರವಾರ ರಾತ್ರಿ: ಅನುಮತಿ ಮೊದಲು

ಬ್ಯಾಗು ತುಂಬುವ ಮೊದಲು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ತೆರೆಯಿರಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ಮೇಲೆ ಸರ್ಕಾರ ಚಾರಣದ ನಿಯಮಗಳನ್ನು ಬಿಗಿ ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಈ ಜಾಲತಾಣ ಬಂತು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿರುವುದರಿಂದ ವಾರಾಂತ್ಯದಲ್ಲಿ ಜಾಗ ಬೇಗ ತುಂಬುತ್ತದೆ. ಶನಿವಾರ ಸಿಗದಿದ್ದರೆ ಭಾನುವಾರ ನೋಡಿ. ಅದೂ ಇಲ್ಲವೆಂದರೆ ರಾಮನಗರವನ್ನು ಮೊದಲ ದಿನಕ್ಕೆ ಇಟ್ಟುಕೊಂಡು ಸೋಮವಾರಕ್ಕೊಂದು ರಜೆ ಹಾಕಿ. ‘ಹೋಗಿ ನೋಡೋಣ, ಯಾರನ್ನಾದರೂ ಕೇಳಿ ಹತ್ತೋಣ’ ಎಂದು ಹೊರಡಬೇಡಿ. ಅನುಮತಿ ಇದ್ದರೆ ಬೆಟ್ಟದ ಮೇಲೆ ಇಂಥ ಇಬ್ಬರು ಇದ್ದಾರೆ ಎಂಬುದು ಇಲಾಖೆಗೆ ಗೊತ್ತಿರುತ್ತದೆ. ದಾರಿ ತಪ್ಪಿದ ದಿನ ಅದರ ಬೆಲೆ ತಿಳಿಯುತ್ತದೆ. ಇಬ್ಬರದೂ ಗುರುತಿನ ಚೀಟಿ ಜೊತೆಗಿರಲಿ. ಮಾರ್ಗದರ್ಶಿ ಸಿಗುವುದಾದರೆ ಬೇಡವೆನ್ನಬೇಡಿ.

ಒಂದು ಸಣ್ಣ ಮಾಹಿತಿ: ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರು ಬದಲಾಗಿದೆ. ನಕ್ಷೆಯಲ್ಲಿ, ಅರ್ಜಿಯಲ್ಲಿ ಎರಡರಲ್ಲಿ ಯಾವ ಹೆಸರು ಕಂಡರೂ ಗಾಬರಿಯಾಗಬೇಡಿ. ತಾಲ್ಲೂಕು ಮಾಗಡಿಯೇ.

ಆಮೇಲೆ ಸ್ನೇಹಿತರ ಜೊತೆ ಎರಡು ಮಾತು ಆಡಿ ಮುಗಿಸಿ. ಮೊದಲನೆಯದು: ಇಬ್ಬರಲ್ಲಿ ಒಬ್ಬರು ‘ಸಾಕು’ ಎಂದರೆ ಇಬ್ಬರೂ ಇಳಿಯಬೇಕು. ‘ನೀನು ಇಲ್ಲೇ ಕೂತಿರು, ನಾನು ತುದಿ ಮುಟ್ಟಿ ಬರ್ತೀನಿ’ ಎಂಬ ಮಾತು ಇಬ್ಬರೇ ಹೋದಾಗ ನಡೆಯಬಾರದು. ಕೂತವರಿಗೆ ಬೇಸರವಾಗಿ ತಾವೇ ಇಳಿಯತೊಡಗುತ್ತಾರೆ, ಬೇರೆ ಇಳಿಜಾರು ಹಿಡಿಯುತ್ತಾರೆ. ಎರಡನೆಯದು: ತುದಿ ಸಿಗಲಿ ಬಿಡಲಿ, ತಿರುಗುವ ಹೊತ್ತು ಬೆಳಿಗ್ಗೆ ಹತ್ತೂವರೆ. ಎತ್ತರದ ಭಯ, ಮಂಡಿನೋವು, ಉಸಿರಾಟದ ತೊಂದರೆ ಏನಿದ್ದರೂ ಆ ರಾತ್ರಿಯೇ ಹೇಳಿಕೊಳ್ಳಿ. ಬಂಡೆಯ ನಡುವೆ ನಿಂತು ಹೇಳಿಕೊಳ್ಳುವುದು ಕಷ್ಟ. ಹೇಳಿದರೂ ಕೇಳಿದವರಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಬ್ಯಾಗಿನಲ್ಲಿ

ನೀರು ತಲಾ ಮೂರು ಲೀಟರ್. ಬೆಟ್ಟದ ಮೇಲೆ ಕುಡಿಯುವ ನೀರಿಲ್ಲ. ದೊಣೆಗಳಲ್ಲಿ ನಿಂತ ನೀರು ನೋಡಲು ತಿಳಿಯಾಗಿದ್ದರೂ ಕುಡಿಯಬಾರದು. ಎರಡು ಓಆರ್‌ಎಸ್ ಪೊಟ್ಟಣ, ಬಾಳೆಹಣ್ಣು, ಕಡಲೆಮಿಠಾಯಿ, ಟೋಪಿ, ತುಂಬುತೋಳಿನ ಅಂಗಿ, ಬ್ಯಾಂಡೇಜು, ಟಾರ್ಚು, ಸೀಟಿ. ಅಡಿಭಾಗ ಸವೆಯದ ಹಿಡಿತದ ಶೂ ಇಲ್ಲದಿದ್ದರೆ ಹತ್ತಲೇಬೇಡಿ. ಚಪ್ಪಲಿಯಲ್ಲಿ ಹತ್ತುವವರನ್ನು ಅಲ್ಲಿ ಕಾಣುತ್ತೀರಿ, ಅವರನ್ನು ನೋಡಿ ಧೈರ್ಯ ತಂದುಕೊಳ್ಳುವುದು ಬೇಡ. ಫೋನಿಗೆ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ. ಆ ಭಾಗದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಮಧ್ಯಾಹ್ನ ಒಂದರೊಳಗೆ ಫೋನ್ ಮಾಡುತ್ತೇವೆ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿಡಿ. ತುರ್ತು ಸಂಖ್ಯೆ 112, ಆಂಬುಲೆನ್ಸ್ 108. ಹತ್ತಿರದ ಸರ್ಕಾರಿ ತಾಲ್ಲೂಕು ಆಸ್ಪತ್ರೆ ಮಾಗಡಿಯಲ್ಲಿದೆ.

ಸುಗಂಧ ದ್ರವ್ಯ ಹಾಕಿಕೊಳ್ಳಬೇಡಿ. ಇಂಥ ಬಂಡೆಗಳ ಚಾಚಿನಡಿ ಹೆಜ್ಜೇನು ಕಟ್ಟುತ್ತವೆ. ಹೊಗೆ, ಗದ್ದಲ, ಘಾಟು ವಾಸನೆ ಅವನ್ನು ಕೆರಳಿಸುತ್ತವೆ. ಜೇನು ಎದ್ದರೆ ಕೈ ಬೀಸದೆ ಮುಖ, ಕುತ್ತಿಗೆ ಮುಚ್ಚಿಕೊಂಡು ಸರಿದುಹೋಗಬೇಕು. ಇಳಿಜಾರಿನಲ್ಲಿ ಓಡಿದರೆ ಜೇನಿಗಿಂತ ದೊಡ್ಡ ಅಪಾಯ ಬಂಡೆಯದು.

ಶನಿವಾರ: ಕತ್ತಲಿರುವಾಗಲೇ ಹೊರಡಿ

ಸ್ವಂತ ಗಾಡಿಯಿದ್ದರೆ ಐದಕ್ಕೆ ಮನೆ ಬಿಡಿ. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಮುಂದೆ ಸಾಗಬೇಕು. ಬಸ್ಸಿನವರು ಬೆಂಗಳೂರಿನಿಂದ ಮಾಗಡಿಗೆ ಬಂದು, ಅಲ್ಲಿಂದ ಸುಮಾರು 12 ಕಿಲೋಮೀಟರು ಸ್ಥಳೀಯ ಬಸ್ಸಿನಲ್ಲೋ ಆಟೊದಲ್ಲೋ ಹೋಗಬೇಕು. ಆಟೊ ಹಿಡಿದರೆ ವಾಪಸು ಬರುವ ಹೊತ್ತನ್ನೂ ಬಾಡಿಗೆಯನ್ನೂ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಬಸ್ಸಿನವರಿಗೆ ಹೊತ್ತು ಸಾಲದಿದ್ದರೆ ಶುಕ್ರವಾರ ರಾತ್ರಿಯೇ ಮಾಗಡಿ ಸೇರಿ ಉಳಿಯುವುದು ವಾಸಿ.

ಇಷ್ಟು ಬೇಗ ಯಾಕೆ ಎಂದು ಸ್ನೇಹಿತರು ಗೊಣಗಿದರೆ ಕಾರಣ ಹೇಳಿ. ನಾವಿರುವುದು ಉಷ್ಣವಲಯದಲ್ಲಿ, ಸಾವನದುರ್ಗ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ನೇರಕ್ಕೇ ಬರುತ್ತಾನೆ, ನೆಟ್ಟಗೆ ನಿಂತವನ ನೆರಳು ಕಾಲಡಿಯಲ್ಲೇ ಅಡಗುತ್ತದೆ. ಶೂನ್ಯ ನೆರಳಿನ ದಿನ ಎನ್ನುವುದು ಇದನ್ನೇ. ಮರವಿಲ್ಲದ ಬೋಳು ಕಲ್ಲಿನ ಮೇಲೆ ಆ ಬಿಸಿಲು ಮೇಲಿನಿಂದಲೂ ಸುಡುತ್ತದೆ, ಕಾದ ಬಂಡೆಯಿಂದ ಕೆಳಗಿನಿಂದಲೂ ಸುಡುತ್ತದೆ. ಮಾರ್ಚಿನಿಂದ ಮೇ ತನಕ ಈ ಬೆಟ್ಟವನ್ನು ಬಿಟ್ಟುಬಿಡುವುದು ಒಳ್ಳೆಯದು. ತಲೆಸುತ್ತು, ವಾಕರಿಕೆ, ಮಾತು ತೊದಲುವುದು ಕಂಡರೆ ನೆರಳಿಗೆ ಕರೆತಂದು, ಮೈಗೆ ನೀರು ಹಾಕಿ, ಗಾಳಿ ಬೀಸಿ, ಸಹಾಯಕ್ಕೆ ಕರೆ ಮಾಡಿ. ಮಳೆಗಾಲವೂ ಬೇಡ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಆದರೆ ಡಿಸೆಂಬರಿನಲ್ಲಿ ಸಂಜೆ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ ಎಂಬುದು ನೆನಪಿರಲಿ.

ಬಂಡೆಯನ್ನು ಓದುವುದು

ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ, ಲಕ್ಷ್ಮೀ ನರಸಿಂಹಸ್ವಾಮಿ ದೇವಸ್ಥಾನಗಳಿವೆ. ಸಯ್ಯದ್ ಗುಲಾಂ ಖಾದ್ರಿಯವರ ಗೋರಿಯೂ ಇದೇ ತಪ್ಪಲಿನಲ್ಲಿದೆ. ದರ್ಶನವನ್ನು ಇಳಿದ ಮೇಲೆ ನಿಧಾನವಾಗಿ ಮಾಡೋಣ, ತಂಪು ಹೊತ್ತು ಬೆಟ್ಟಕ್ಕೆ ಬೇಕು. ಇಲ್ಲಿರುವುದು ಎರಡು ಬೆಟ್ಟ: ಕರಿಗುಡ್ಡ, ಬಿಳಿಗುಡ್ಡ. ಸಾಮಾನ್ಯವಾಗಿ ಹತ್ತುವುದು ಕರಿಗುಡ್ಡವನ್ನು.

ನಿಮ್ಮ ಕಾಲಡಿಯ ಕಲ್ಲು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲಾಪಟ್ಟಿಗೆ ಸೇರಿದ್ದು. ವಯಸ್ಸು ಸುಮಾರು 250 ಕೋಟಿ ವರ್ಷ. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು, ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ನೆನಪಿಗೆ ಇಟ್ಟದ್ದು. ಈ ಕಲ್ಲು ಬಿಸಿಲು, ಮಳೆಗೆ ಈರುಳ್ಳಿಯಂತೆ ಪದರಪದರವಾಗಿ ಬಿಡುತ್ತದೆ. ಚಾರಣಿಗರಿಗೆ ಇದರಿಂದ ಒಂದು ಪಾಠವಿದೆ: ಮೆಟ್ಟಿದಾಗ ಟೊಳ್ಳು ಸದ್ದು ಬಂದರೆ ಆ ಚಕ್ಕೆಯ ಮೇಲೆ ಭಾರ ಹಾಕಬೇಡಿ, ಅದರ ಅಂಚು ಹಿಡಿದು ಮೇಲೇರಬೇಡಿ. ಬಂಡೆಯ ಮೈಮೇಲೆ ಉದ್ದಕ್ಕೆ ಇಳಿದ ಕಪ್ಪು ಗೆರೆಗಳು ಮಳೆನೀರು ಹರಿಯುವ ಜಾಡುಗಳು. ಅಲ್ಲಿ ಪಾಚಿ, ಕಲ್ಲುಹೂವು ಬೆಳೆದಿರುತ್ತವೆ. ಒಣಗಿದಾಗ ಏನೂ ಅನ್ನಿಸದು. ಇಬ್ಬನಿ ಬಿದ್ದರೂ ಸಾಕು, ಜಾರತೊಡಗುತ್ತದೆ. ಒರಟಾದ ತಿಳಿಬಣ್ಣದ ಜಾಗ ನೋಡಿ ಹೆಜ್ಜೆ ಇಡಿ.

ಹತ್ತುವಾಗ ಪಾದ ಪೂರ್ತಿ ಊರಲಿ. ಕಡಿದಾದ ಕಡೆ ನೇರ ಏರುವ ಬದಲು ಓರೆಯಾಗಿ ಏರಿ. ಬಂಡೆಯ ಮೇಲೆ ಬಳಿದ ಬಾಣದ ಗುರುತುಗಳು ಅಲ್ಲಲ್ಲಿ ಸಿಗುತ್ತವೆ, ಕೆಲವು ಮಾಸಿರುತ್ತವೆ. ಒಂದು ಗುರುತು ಬಿಡುವ ಮುಂಚೆ ಮುಂದಿನದು ಎಲ್ಲಿದೆ ಎಂದು ನೋಡಿಕೊಳ್ಳಿ. ಕೋಟೆಯ ಗೋಡೆ, ಬಾಗಿಲು ದಾಟುವಾಗಲೆಲ್ಲ ಹಿಂತಿರುಗಿ ನಿಂತು ಒಂದು ಫೋಟೊ ತೆಗೆಯಿರಿ. ಏರುವಾಗ ಕಂಡ ಬೆಟ್ಟ ಇಳಿಯುವಾಗ ಬೇರೆಯಾಗಿಯೇ ಕಾಣುತ್ತದೆ, ಹೆಚ್ಚಿನವರು ದಾರಿ ತಪ್ಪುವುದೂ ಇಳಿಯುವಾಗಲೇ. ತಪ್ಪಿತು ಅನ್ನಿಸಿದರೆ ಹೊಸ ಇಳಿಜಾರು ಪರೀಕ್ಷಿಸಬೇಡಿ, ಕೊನೆಯ ಗುರುತಿಗೆ ವಾಪಸು ಏರಿ. ಮೇಲಿನಿಂದ ಸಲೀಸಾಗಿ ಕಂಡ ಇಳಿಜಾರು ಕೆಳಗೆ ಪ್ರಪಾತದಲ್ಲಿ ಮುಗಿಯಬಹುದು.

ನಡುವೆ ಕೂತು ಸುಧಾರಿಸಿಕೊಳ್ಳುವಾಗ ಆ ಗೋಡೆಗಳ ಕಥೆ ಮಾತಾಡಬಹುದು. 1638ರಲ್ಲಿ ಬೆಂಗಳೂರು ಬಿಜಾಪುರದವರ ಕೈಸೇರಿದ ಮೇಲೆ ಕೆಂಪೇಗೌಡರ ವಂಶದವರಿಗೆ ಆಸರೆಯಾದದ್ದು ಮಾಗಡಿ ಮತ್ತು ಈ ದುರ್ಗ. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಇದನ್ನು ಗೆದ್ದರು. ಟಿಪ್ಪುವಿನ ಕಾಲಕ್ಕೆ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಬ್ರಿಟಿಷ್ ಸೇನೆಯ ಬೆನ್ನಿಗೆ ಇಲ್ಲಿಂದ ಅಪಾಯವಿತ್ತು. ಹಾಗಾಗಿಯೇ ಅದರ ದಂಡನಾಯಕ ಕಾರ್ನ್‌ವಾಲಿಸ್ ಮೊದಲು ಇದನ್ನು ಮುತ್ತಿಸಿದ. 1791ರ ಡಿಸೆಂಬರ್ 21ರಂದು ಕೋಟೆ ಬಿತ್ತು. ಹತ್ತಲಾಗದ ಕೋಟೆ ಎಂಬ ಅದರ ಹೆಸರೂ ಅಂದೇ ಹೋಯಿತು. ಡೇವಿಡ್ ಲೀನ್ ತಮ್ಮ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಮರಬಾರ್ ಗುಹೆಗಳ ದೃಶ್ಯಗಳಿಗೆ ಆರಿಸಿಕೊಂಡದ್ದೂ ಈ ಸೀಮೆಯ ಬಂಡೆಗಳನ್ನೇ. ಗೋಡೆಯ ಕಲ್ಲಿನ ಮೇಲೆ ಹೆಸರು ಕೆತ್ತುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಿಮ್ಮ ಜೊತೆಗಾರರನ್ನು ನೀವು ತಡೆಯಿರಿ.

ಗದ್ದಲ ಮಾಡದಿದ್ದರೆ ಹಳದಿ ಕೊರಳಿನ ಪಿಕಳಾರದ ದನಿ ಕೇಳಬಹುದು. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ ಬದುಕುವ ಹಕ್ಕಿ ಅದು. ಚಿರತೆ, ಕರಡಿ ಈ ಕಾಡುಗಳ ನಿವಾಸಿಗಳು, ಆನೆಗಳೂ ಬಂದುಹೋಗುತ್ತವೆ. ಮುಂಜಾನೆ ಕತ್ತಲಲ್ಲೂ ಸಂಜೆಯೂ ಕಾಡಿನ ಅಂಚಿನಲ್ಲಿ ಇಬ್ಬರೇ ತಿರುಗಬೇಡಿ.

ತುದಿಯಲ್ಲಿ ಪುಟ್ಟ ಮಂಟಪ, ಒಳಗೆ ಬಸವ. ಅಲ್ಲಿ ಗಾಳಿ ಜೋರಾಗಿರುತ್ತದೆ. ಅಂಚಿಗೆ ಹೋಗಿ ಸೆಲ್ಫಿ ತೆಗೆಯುವ ಹುಚ್ಚು ಬೇಡ. ಅರ್ಧ ಗಂಟೆ ಕೂತು, ತಿಂದು, ಸಿಪ್ಪೆ, ಪ್ಲಾಸ್ಟಿಕ್ ಎಲ್ಲ ಬ್ಯಾಗಿಗೆ ಹಾಕಿಕೊಂಡು ಇಳಿಯಿರಿ. ಇಳಿಯುವಾಗ ಮಂಡಿ ತುಸು ಬಗ್ಗಿರಲಿ. ತೀರಾ ಕಡಿದಾದಲ್ಲಿ ಕೂತು, ಅಂಗೈ ಊರಿ ಜರುಗಿದರೆ ಅವಮಾನವೇನಿಲ್ಲ. ಫೋನು ಜೇಬಿನಲ್ಲಿರಲಿ.

ಮಧ್ಯಾಹ್ನದ ಮೇಲೆ

ದೇವಸ್ಥಾನ ನೋಡಿಕೊಂಡು ಮಾಗಡಿಗೆ ಬಂದು ಮುದ್ದೆ ಊಟ ಮಾಡಿ. ಡಿಸೆಂಬರ್–ಜನವರಿಯಾದರೆ ಸೊಗಡಿನ ಮಾಗಡಿ ಅವರೆ ಸಿಗುವ ಕಾಲ, ಹಿತಕಿದ ಬೇಳೆ ಸಾರು ಎಲ್ಲಿದೆ ಎಂದು ಕೇಳಿ ಹೋಗಿ. ಸಂಜೆಗೆ ಸೋಮೇಶ್ವರ ದೇವಸ್ಥಾನ, ತಿರುಮಲೆಯ ರಂಗನಾಥಸ್ವಾಮಿ ದೇವಸ್ಥಾನ ಎರಡೂ ಊರಲ್ಲೇ ಇವೆ.

ಬೆವರಿ ಬಂದವರಿಗೆ ಮಂಚನಬೆಲೆ ಜಲಾಶಯದ ನೀರು ಆಸೆ ಹುಟ್ಟಿಸುತ್ತದೆ. ದಯವಿಟ್ಟು ಇಳಿಯಬೇಡಿ. ಅರ್ಕಾವತಿಗೆ ಕಟ್ಟಿದ ಈ ಅಣೆಕಟ್ಟೆಯಲ್ಲಿ ಈಜು ಬಲ್ಲ ಹುಡುಗರೂ ಸತ್ತಿದ್ದಾರೆ. ದಡದಿಂದ ಎರಡು ಹೆಜ್ಜೆಗೆ ಆಳ ಬದಲಾಗಬಹುದು, ಕೆಸರಿನಲ್ಲಿ ಕಾಲು ಹೂತರೆ ಬಿಡಿಸಿಕೊಳ್ಳಲು ಆಗದು. ಒಬ್ಬರು ಮುಳುಗುವಾಗ ಹಿಡಿಯಲು ಹೋದ ಇನ್ನೊಬ್ಬರೂ ಮುಳುಗುತ್ತಾರೆ. ಇಬ್ಬರೇ ಹೋದ ಪ್ರವಾಸದಲ್ಲಿ ಸುದ್ದಿ ಮುಟ್ಟಿಸಲೂ ಯಾರೂ ಉಳಿಯುವುದಿಲ್ಲ.

ಭಾನುವಾರ

ರಾತ್ರಿ ರಾಮನಗರದಲ್ಲಿ ಉಳಿದರೆ ಬೆಳಿಗ್ಗೆ ರಾಮದೇವರ ಬೆಟ್ಟ. ಮೆಟ್ಟಿಲುಗಳಿವೆ, ನೋಯುವ ಕಾಲಿಗೂ ಸಾಧ್ಯ. 1975ರ ‘ಶೋಲೆ’ ನೋಡಿದವರಿಗೆ ಬಂಡೆಗಳ ಗುರುತು ಸಿಗುತ್ತದೆ. ನಾನಾದರೆ ಆಕಾಶ ನೋಡಿ ಎನ್ನುತ್ತೇನೆ. 2012ರಲ್ಲಿ ರಣಹದ್ದುಗಳಿಗಾಗಿಯೇ ಘೋಷಿಸಿದ ಧಾಮ ಇದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನಗಳ ಮಾಂಸದ ಮೂಲಕ ದೇಶದ ರಣಹದ್ದುಗಳನ್ನು ಬಹುತೇಕ ಮುಗಿಸಿತು. 2006ರಲ್ಲಿ ಅದರ ಪಶು ಬಳಕೆಗೆ ನಿಷೇಧ ಬಂತು. ಉದ್ದ ಕೊಕ್ಕಿನ ರಣಹದ್ದು ಈಗ ಇಲ್ಲಿ ಕಂಡರೆ ಭಾಗ್ಯ. ದುರ್ಬೀನು ಒಯ್ಯಿರಿ, ಕಂಡರೆ ಕೂಗಬೇಡಿ.

ಚನ್ನಪಟ್ಟಣಕ್ಕೆ ಅಲ್ಲಿಂದ ಅರ್ಧ ಗಂಟೆಯೊಳಗಿನ ದಾರಿ. ಬೈಕಿನವರು ಗಮನಿಸಿ: 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಚನ್ನಪಟ್ಟಣದ ಮರದ ಗೊಂಬೆಯನ್ನು ಹೆದ್ದಾರಿ ಬದಿಯ ಅಂಗಡಿಯಲ್ಲಿ ಕೊಳ್ಳುವ ಮುಂಚೆ ಊರೊಳಗೆ ಹೋಗಿ ಕೆಲಸ ನಡೆಯುವುದನ್ನು ನೋಡಿ. ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆಯ ಗರಿ ಒತ್ತಿ ಹೊಳಪು ತರುತ್ತಾರೆ. ಕೊಂಡರೆ ಮಾಡಿದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಬೇಡ.

ಗಾಡಿಯಿಲ್ಲದವರಿಗೆ ಚನ್ನಪಟ್ಟಣ, ರಾಮನಗರ ಎರಡರಲ್ಲೂ ಬೆಂಗಳೂರಿಗೆ ರೈಲು ಸಿಗುತ್ತದೆ. ಭಾನುವಾರ ಸಂಜೆ ಮೈಸೂರು ಕಡೆಯಿಂದ ಬರುವ ರೈಲುಗಳೂ ರಸ್ತೆಯೂ ತುಂಬಿರುತ್ತವೆ. ಮಧ್ಯಾಹ್ನ ಮೂರರೊಳಗೆ ನಿಲ್ದಾಣ ತಲುಪಿದರೆ ಇಬ್ಬರೂ ಕೂತು ಬರಬಹುದು.