ಮಕ್ಕಳ ನೆರೆಮನೆಯ ಮಿತ್ರ

ಕೊಡಲಿಯಿಂದ ಸೌದೆಯನ್ನೂ ಸೀಳಬಹುದು, ಫಲಭರಿತವಾದ ಮರವನ್ನೂ ಕಡಿದುರುಳಿಸಬಹುದು. ಉಪಕರಣದ ಗುಣದೋಷಗಳು ಅದನ್ನು ಹಿಡಿದವನ ಬುದ್ಧಿಯನ್ನು ಅವಲಂಬಿಸಿವೆ. ದೂರದರ್ಶನದ ವಿಷಯದಲ್ಲಿಯೂ ಈ ಮಾತು ಸತ್ಯ. ಆ ಯಂತ್ರವನ್ನು ಎಳೆಯ ಹೃದಯಗಳಿಗೆ ಧೈರ್ಯ ತುಂಬಲು ಬಳಸಿದ ಮಹನೀಯರಲ್ಲಿ ಅಮೆರಿಕದ ಫ್ರೆಡ್ ರಾಜರ್ಸ್ ಅಗ್ರಗಣ್ಯರು.

ರಾಜರ್ಸ್ ಅವರು 1928ನೆಯ ಇಸವಿ ಮಾರ್ಚ್ 20ರಂದು ಪೆನ್ಸಿಲ್ವೇನಿಯ ರಾಜ್ಯದ ಲಟ್ರೋಬ್ ಎಂಬ ಪಟ್ಟಣದಲ್ಲಿ ಜನಿಸಿದರು. ಮನೆಯಲ್ಲಿ ಸಂಪತ್ತಿಗೆ ಕೊರತೆಯಿರಲಿಲ್ಲ. ಆದರೆ ಬಾಲಕನದು ಉಬ್ಬಸದಿಂದ ಬಳಲುವ ಸ್ಥೂಲ ಶರೀರ; ಸ್ವಭಾವತಃ ಸಂಕೋಚ. ಜೊತೆಯ ಹುಡುಗರ ಅಪಹಾಸ್ಯಕ್ಕೆ ಗುರಿಯಾದ ಆತನಿಗೆ ಕೈಗೊಂಬೆಗಳೂ ಪಿಯಾನೋ ವಾದ್ಯವೂ ಸಂಗಾತಿಗಳಾದವು. ಬಾಯಿಬಿಟ್ಟು ಹೇಳಲಾಗದ ದುಃಖವನ್ನೂ ಕೋಪವನ್ನೂ ಸ್ವರಗಳಲ್ಲಿ ಹರಿಯಬಿಟ್ಟು ಆತ ಹಗುರಾಗುತ್ತಿದ್ದ. ಮುಂದಿನ ಬಾಳಿನ ಬೀಜ ಮೊಳೆತದ್ದು ಆ ಏಕಾಂತದಲ್ಲಿಯೇ.

1951ರಲ್ಲಿ ರಾಜರ್ಸ್ ಸಂಗೀತ ರಚನೆಯಲ್ಲಿ ಪದವಿ ಪಡೆದರು. ಕಾಲೇಜಿನ ಕೊನೆಯ ವರ್ಷ ರಜೆಗೆಂದು ಊರಿಗೆ ಬಂದಾಗ, ಮನೆಗೆ ಹೊಸದಾಗಿ ತಂದಿದ್ದ ದೂರದರ್ಶನವನ್ನು ನೋಡಿದರು. ಮಕ್ಕಳ ಕಾರ್ಯಕ್ರಮವೊಂದರಲ್ಲಿ ಜನರು ಪರಸ್ಪರ ಮುಖಕ್ಕೆ ತಿನಿಸುಗಳನ್ನು ಎಸೆದು ನಗುತ್ತಿದ್ದರು. ಇಷ್ಟೊಂದು ಶಕ್ತಿಯುಳ್ಳ ಸಾಧನಕ್ಕೆ ಇಂತಹ ಗತಿಯೇ ಎಂದು ಅವರ ಮನಸ್ಸು ನೊಂದಿತು. ದೂರ ನಿಂತು ಹಳಿಯುವುದಕ್ಕಿಂತ ಒಳಹೊಕ್ಕು ತಿದ್ದುವುದೇ ಲೇಸೆಂದು ಬಗೆದು, ಧರ್ಮಶಾಸ್ತ್ರದ ವ್ಯಾಸಂಗವನ್ನು ಮುಂದೂಡಿ ಆ ಕ್ಷೇತ್ರಕ್ಕೆ ಕಾಲಿರಿಸಿದರು.

ನ್ಯೂಯಾರ್ಕ್ ನಗರದಲ್ಲಿ ಕೆಲಸ ಕಲಿತು, 1953ರಲ್ಲಿ ಪಿಟ್ಸ್‌ಬರ್ಗ್ ನಗರದ ಸಾರ್ವಜನಿಕ ದೂರದರ್ಶನ ಕೇಂದ್ರವನ್ನು ಸೇರಿದರು. ಬಿಡುವಿನ ವೇಳೆಯಲ್ಲಿ ಧರ್ಮಶಾಸ್ತ್ರವನ್ನೂ ಮಕ್ಕಳ ಮನಶ್ಶಾಸ್ತ್ರವನ್ನೂ ಅಭ್ಯಸಿಸಿದರು. 1963ರಲ್ಲಿ ಧರ್ಮಗುರುವಿನ ದೀಕ್ಷೆ ಪಡೆದರೂ ಅವರು ಪೀಠವನ್ನೇರಲಿಲ್ಲ. ದೂರದರ್ಶನದ ಮೂಲಕ ಮಕ್ಕಳ ಸೇವೆಯೇ ಅವರ ಪಾಲಿನ ಧರ್ಮಕಾರ್ಯವಾಯಿತು.

‘ಮಿಸ್ಟರ್ ರಾಜರ್ಸ್ ನೈಬರ್‌ಹುಡ್’ ಎಂಬ ಅವರ ಕಾರ್ಯಕ್ರಮ 1968ರಲ್ಲಿ ರಾಷ್ಟ್ರಾದ್ಯಂತ ಪ್ರಸಾರವಾಗತೊಡಗಿತು. ರಾಜರ್ಸ್ ಹಾಡುತ್ತ ಮನೆಯೊಳಗೆ ಬರುವರು. ಕೋಟನ್ನು ಕಳಚಿ ಸ್ವೆಟರನ್ನು ತೊಡುವರು. ಬೂಟನ್ನು ಬಿಚ್ಚಿ ಕ್ಯಾನ್ವಾಸ್ ಪಾದರಕ್ಷೆ ಧರಿಸುವರು. ಆ ಸ್ವೆಟರುಗಳಲ್ಲಿ ಹಲವು ಅವರ ತಾಯಿ ಕೈಯಾರೆ ಹೆಣೆದವು. ಅಲ್ಲಿ ಅಬ್ಬರವಿಲ್ಲ, ಅವಸರವಿಲ್ಲ. ಸುಮಾರು ಇನ್ನೂರು ಗೀತೆಗಳನ್ನು ಅವರೇ ರಚಿಸಿದರು. ಸ್ನಾನದ ತೊಟ್ಟಿಯ ನೀರಿನೊಡನೆ ತಾನೂ ಕೊಳವೆಯೊಳಗೆ ಹರಿದುಹೋದೇನೆಂದು ಅಂಜುವ ಶಿಶುವಿಗೂ ಅವರು ಹಾಡು ಕಟ್ಟಿದರು. ದೊಡ್ಡವರು ನಕ್ಕು ಮರೆಯುವ ಭಯ ಮಗುವಿಗೆ ಸಣ್ಣದಲ್ಲವೆಂಬುದನ್ನು ಅವರು ಬಲ್ಲವರಾಗಿದ್ದರು. ಮೀನುಗಳಿಗೆ ಆಹಾರ ಹಾಕಿದ್ದು ತಿಳಿಯದೆ ಕುರುಡು ಬಾಲಕಿಯೊಬ್ಬಳು ಚಿಂತಿಸುತ್ತಿರುವಳೆಂದು ಪತ್ರ ಬಂದಾಗ, ಆ ಕೆಲಸವನ್ನು ಬಾಯಲ್ಲಿ ಹೇಳಿಯೇ ಮಾಡತೊಡಗಿದರು.

1969ರಲ್ಲಿ ಈ ಸೇವೆಗೆ ಕಠಿಣ ಪರೀಕ್ಷೆಯೊದಗಿತು. ಸಾರ್ವಜನಿಕ ಪ್ರಸಾರಕ್ಕೆ ಕೇಳಿದ್ದ ಎರಡು ಕೋಟಿ ಡಾಲರುಗಳನ್ನು ಅರ್ಧಕ್ಕಿಳಿಸುವ ಆಲೋಚನೆ ಸರಕಾರದ ಮುಂದಿತ್ತು. ಮೇ 1ರಂದು ರಾಜರ್ಸ್ ಸೆನೆಟ್ಟಿನ ಉಪಸಮಿತಿಯ ಮುಂದೆ ನಿಂತರು. ಅಧ್ಯಕ್ಷರಾದ ಜಾನ್ ಪಾಸ್ಟೋರ್ ಅವರು ದೀರ್ಘ ಹೇಳಿಕೆಗಳನ್ನು ಕೇಳಿ ಬೇಸತ್ತಿದ್ದರು. ರಾಜರ್ಸ್ ವಾದಕ್ಕಿಳಿಯಲಿಲ್ಲ, ಕೋಪ ಬಂದಾಗ ತನ್ನನ್ನು ತಾನೇ ತಡೆದುಕೊಳ್ಳಲು ಮಗುವಿಗೆ ಕಲಿಸುವ ತಮ್ಮ ಹಾಡಿನ ಮಾತುಗಳನ್ನು ಮೆಲುದನಿಯಲ್ಲಿ ಹೇಳಿದರು. ಅಧ್ಯಕ್ಷರ ಮನಸ್ಸು ಕರಗಿತು. ಎರಡು ಕೋಟಿ ಡಾಲರು ನಿಮಗೆ ದೊರೆತಂತೆಯೇ ಎಂದು ಅವರು ಸಭೆಯಲ್ಲಿಯೇ ನುಡಿದರು.

ಅದೇ ತಿಂಗಳು ಪ್ರಸಾರವಾದ ಒಂದು ದೃಶ್ಯವೂ ಸ್ಮರಣೀಯ. ಕರಿಯರೊಡನೆ ಈಜುಕೊಳವನ್ನು ಹಂಚಿಕೊಳ್ಳಲು ಅನೇಕ ಬಿಳಿಯರು ಒಪ್ಪದಿದ್ದ ಕಾಲವದು. ರಾಜರ್ಸ್ ಪುಟ್ಟ ತೊಟ್ಟಿಯ ತಣ್ಣೀರಿನಲ್ಲಿ ಕಾಲಿಳಿಬಿಟ್ಟು, ಪೊಲೀಸನ ಪಾತ್ರ ವಹಿಸುತ್ತಿದ್ದ ಕರಿಯ ಗಾಯಕ ಫ್ರಾಂಸ್ವಾ ಕ್ಲೆಮನ್ಸ್ ಅವರನ್ನು ಪಕ್ಕಕ್ಕೆ ಕರೆದರು. ಇಬ್ಬರ ಪಾದಗಳೂ ಒಂದೇ ನೀರಿನಲ್ಲಿ ತಂಪಾದವು. ಉಪದೇಶದ ಒಂದು ಮಾತೂ ಬೇಕಾಗಲಿಲ್ಲ.

ಸುಮಾರು ಒಂಬೈನೂರು ಕಂತುಗಳನ್ನು ಕಂಡ ಆ ಸರಣಿಯ ಕೊನೆಯ ಹೊಸ ಕಂತು 2001ರಲ್ಲಿ ಪ್ರಸಾರವಾಯಿತು. 2002ರಲ್ಲಿ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಅವರಿಗೆ ಸಂದಿತು. 2003ರ ಫೆಬ್ರವರಿ 27ರಂದು ರಾಜರ್ಸ್ ನಿಧನರಾದರು.

ಅಪಹಾಸ್ಯದಿಂದ ನೊಂದ ಬಾಲಕ ಬೆಳೆದು ಸೇಡಿನ ಹಾದಿ ಹಿಡಿಯಲಿಲ್ಲ. ತನಗೆ ದೊರೆಯದ ಸ್ನೇಹವನ್ನು ಲಕ್ಷಾಂತರ ಮಕ್ಕಳಿಗೆ ಹಂಚಿದ. ಮೃದುತ್ವವು ದೌರ್ಬಲ್ಯವಲ್ಲ, ಅದೊಂದು ಮಹಾಶಕ್ತಿ ಎಂಬುದಕ್ಕೆ ಅವರ ಜೀವನವೇ ಸಾಕ್ಷಿ.